ಸದ್ದು ಮಾಡದ ಮಗುವಿಗೂ ಗಮನದ ತೊಂದರೆ ಇರಬಹುದು



ಶಾಲೆಯಲ್ಲಿ ಟೀಚರ್ ಎ.ಡಿ.ಎಚ್.ಡಿ. ಎಂದು ಮಾತೆತ್ತಿದರೆ ನಮ್ಮಲ್ಲಿ ಅನೇಕರು ಗಾಬರಿಯಾಗುತ್ತೇವೆ. "ನಮ್ಮ ಮಗು ಅಷ್ಟೇನೂ ತುಂಟ ಅಲ್ಲವಲ್ಲ" ಎನ್ನುತ್ತೇವೆ. ಆದರೆ ತುಂಟತನವೊಂದೇ ಇದರ ಗುರುತಲ್ಲ. ವೈದ್ಯರು ಇದರಲ್ಲಿ ಮೂರು ಬಗೆಗಳನ್ನು ಹೇಳುತ್ತಾರೆ.

1. ಗಮನ ನಿಲ್ಲದ ಬಗೆ: ಇಲ್ಲಿ ಇದನ್ನು ಎ.ಡಿ.ಡಿ. ಎಂದೂ ಕರೆಯುತ್ತಾರೆ. ಮಗು ಗಲಾಟೆ ಮಾಡುವುದಿಲ್ಲ. ಪುಸ್ತಕ ಮುಂದಿರುತ್ತದೆ, ಮನಸ್ಸು ಇನ್ನೆಲ್ಲೋ ಇರುತ್ತದೆ. ಮೂರು ಕೆಲಸ ಹೇಳಿದರೆ ಒಂದು ನೆನಪಿರುತ್ತದೆ. ಚಳಿಗಾಲ ಮುಗಿಯುವುದರೊಳಗೆ ಎಷ್ಟೋ ಜೊತೆ ಕೈಗವಸು ಕಳೆದಿರುತ್ತದೆ.

2. ಚಡಪಡಿಕೆಯ ಬಗೆ: ಕೂತಲ್ಲಿ ಕೂರುವುದಿಲ್ಲ, ಸರದಿಗೆ ಕಾಯುವುದಿಲ್ಲ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ.

3. ಎರಡೂ ಕೂಡಿದ ಬಗೆ.

ಎರಡನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ. ಮೊದಲನೆಯದು ತಪ್ಪಿಹೋಗುತ್ತದೆ, ಅದರಲ್ಲೂ ಹೆಣ್ಣುಮಕ್ಕಳಲ್ಲಿ. ಗೋಥೆನ್‌ಬರ್ಗಿನ ಪ್ರೊ. ಕ್ರಿಸ್ಟೋಫರ್ ಗಿಲ್‌ಬರ್ಗ್ ದಶಕಗಳಿಂದ ಈ ವಿಷಯದಲ್ಲಿ ಸಂಶೋಧನೆ ನಡೆಸಿದವರು. ಅಲ್ಲಿಯೇ ಡಾ. ಸ್ವೆನ್ನಿ ಕೋಪ್ ಹೆಣ್ಣುಮಕ್ಕಳನ್ನೇ ಕುರಿತು ಅಧ್ಯಯನ ಮಾಡಿ 2010ರಲ್ಲಿ ಡಾಕ್ಟರೇಟ್ ಪಡೆದರು. ನಮ್ಮ ಮನೆಗಳಲ್ಲಿ ಇಂಥ ಮಗುವಿಗೆ "ಸೋಮಾರಿ", "ಮರೆಗುಳಿ" ಎಂಬ ಬಿರುದು ಸಿಗುತ್ತದೆ. ವರ್ಷಗಟ್ಟಲೆ ಕೇಳಿದರೆ ಮಗುವೂ ಅದನ್ನೇ ನಂಬುತ್ತದೆ. ಇದು ಬುದ್ಧಿಯ ಕೊರತೆಯೂ ಅಲ್ಲ, ಬೆಳೆಸಿದ ರೀತಿಯ ತಪ್ಪೂ ಅಲ್ಲ.

ಹಾಗೆಂದು ಒಂದೆರಡು ದಿನದ ಮರೆವು ನೋಡಿ ತೀರ್ಮಾನಕ್ಕೆ ಬರಬಾರದು. ಲಕ್ಷಣಗಳು 12 ವರ್ಷದೊಳಗೆ ಶುರುವಾಗಿರಬೇಕು, ಕನಿಷ್ಠ 6 ತಿಂಗಳು ಇರಬೇಕು, ಮನೆ ಮತ್ತು ಶಾಲೆಯಂತೆ ಎರಡು ಕಡೆಯಾದರೂ ಕಾಣಬೇಕು, ದಿನನಿತ್ಯದ ಬದುಕಿಗೆ ಅಡ್ಡಿಯಾಗಬೇಕು. ನಿದ್ದೆ ಸಾಲದಿದ್ದರೆ, ಕಿವಿ ಮಂದವಾಗಿದ್ದರೆ, ಸ್ವೀಡಿಷ್ ಇನ್ನೂ ಅರ್ಥವಾಗದಿದ್ದರೆ ಕೂಡ ಮಗು ಹೀಗೆಯೇ ಕಾಣಬಹುದು. ಆದ್ದರಿಂದ ಮನೆಮಾತು ಕನ್ನಡ ಎಂಬುದನ್ನು ಪರೀಕ್ಷೆ ಮಾಡುವವರಿಗೆ ತಪ್ಪದೆ ತಿಳಿಸಿ.

ಏನು ಮಾಡಬಹುದು? ಮೊದಲು ಟೀಚರ್ ಜೊತೆ, ನಂತರ ಶಾಲೆಯ ಎಲೆವ್‌ಹೆಲ್ಸಾ ತಂಡದ ಜೊತೆ ಮಾತಾಡಿ. ಇಲ್ಲಿನ ಶಾಲಾ ಕಾನೂನಿನ ಪ್ರಕಾರ ಮಗುವಿಗೆ ಬೇಕಾದ ನೆರವು ಕೊಡಲು ವೈದ್ಯರ ಚೀಟಿ ಬರುವವರೆಗೆ ಕಾಯಬೇಕಿಲ್ಲ. ಚಿಕ್ಕ ಚಿಕ್ಕ ಸೂಚನೆ, ಮುಂದಿನ ಬೆಂಚು, ನಡುವೆ ವಿರಾಮ, ಇಷ್ಟರಿಂದಲೂ ಎಷ್ಟೋ ಉಪಯೋಗವಾಗುತ್ತದೆ. ಪರೀಕ್ಷೆ ಎಲ್ಲಿ, ಹೇಗೆ ಎಂದು ತಿಳಿಯಲು 1177ಕ್ಕೆ ಫೋನ್ ಮಾಡಿ. ಭಾಷೆ ತೊಡಕಾದರೆ ದುಭಾಷಿ ಬೇಕೆಂದು ಕೇಳಿ, ಸಂಕೋಚ ಬೇಡ.

ಊರಿನಲ್ಲಿರುವ ಅಜ್ಜಿ ತಾತಂದಿರಿಗೂ ಈ ವಿಷಯ ತಿಳಿಸಿ ಹೇಳೋಣ. "ಸೋಮಾರಿ" ಎನ್ನುವ ಮೊದಲು ಒಮ್ಮೆ ಯೋಚಿಸೋಣ.