ಕೆಂಪು ಗುಳಿಗಿ, ಒಂದು ತಂಬಿಗಿ ನೀರು: ಬಾಣಂತಿಯ ಸಣ್ಣ ರೂಢಿಗಳು

ಕೂಸಿಗೆ ಹಾಲು ಕುಡಿಸ್ತಾ ಇದನ್ನ ಕೇಳ್ತಿದ್ರೆ ಮೊದಲು ಒಂದು ಕೆಲಸ ಮಾಡ್ರಿ. ಕೈಗೆ ಸಿಗೋ ಹಂಗ ನೀರು ಅದಾವೇನು ನೋಡ್ರಿ. ಇಲ್ಲಾಂದ್ರ ಮನಿಯಾಗ ಯಾರಿಗಾದ್ರೂ ಕೂಗಿ ತರಿಸ್ಕೊಳ್ರಿ. ನಾನು ಕಾಯ್ತೀನಿ.

ನನ್ನ ಬಾಣಂತನ ಆಗಿದ್ದು ಮಾನ್ವಿಯ ತವರುಮನೆಯಲ್ಲಿ. ಮಗಳಿಗೆ ನಾಲ್ಕು ತಿಂಗಳಾದಾಗ ಒಂದು ದಿನ ಟ್ರಂಕ್ ತೆಗೆದೆ. ಆಸ್ಪತ್ರೆಯಲ್ಲಿ ಕೊಟ್ಟಿದ್ದ ಕೆಂಪು ಗುಳಿಗಿ ಪಟ್ಟಿಗಳು ಬಟ್ಟೆ ಕೆಳಗೆ ಹಂಗೇ ಇದ್ದವು. ಬೇಡ ಅಂತ ಬಿಟ್ಟಿದ್ದಲ್ಲ, ಮರೆತಿದ್ದು. ಕೂಸಿನ ಲಸಿಕೆ ಒಂದೂ ತಪ್ಪಿಸಿರಲಿಲ್ಲ, ನೋಡ್ರಿ. ಮೆಟ್ಟಿಲು ಹತ್ತಿದ್ರೆ ಎದೆ ಬಡ್ಕೊಳ್ತಿತ್ತು, ಕೂತಲ್ಲೇ ಕಣ್ಣು ಕತ್ತಲೆ. "ಬಾಣಂತಿ ಅಂದ್ರ ಸುಸ್ತು ಇರಾದೇ" ಅಂದ್ರು ಎಲ್ಲರೂ. ರಕ್ತ ಪರೀಕ್ಷೆ ಮಾಡಿಸಿದ ಮೇಲೆ ಗೊತ್ತಾಯ್ತು, ಅದು ಬರೀ ಸುಸ್ತಲ್ಲ, ರಕ್ತಹೀನತೆ.

ನನ್ನೊಬ್ಬಳ ಕಥೆ ಅಲ್ಲ ಇದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಜನರಿಗೆ ರಕ್ತಹೀನತೆ ಇದೆ. ಹೆರಿಗೆಯಲ್ಲಿ ಹೋದ ರಕ್ತ ಬೇರೆ. ಅದಕ್ಕೇ ಹೆರಿಗೆ ನಂತರ 180 ದಿನ, ದಿನಕ್ಕೊಂದು ಕಬ್ಬಿಣದ ಗುಳಿಗಿ ತಗೊಳ್ಳಿ ಅಂತ ಸರ್ಕಾರ ಪುಕ್ಕಟೆ ಕೊಡೋದು.

180 ದಿನ ನೆನಪಿಡೋದು ಹ್ಯಾಂಗ? ರೀಲ್ಸ್‌ನಲ್ಲಿ ಹೇಳ್ತಾರೆ, ಬೆಳಿಗ್ಗೆ 5ಕ್ಕೆ ಏಳಿ, ಯೋಗ ಮಾಡಿ, ಡೈರಿ ಬರೀರಿ ಅಂತ. ರಾತ್ರಿ ಮೂರು ಸಲ ಎದ್ದವಳಿಗೆ 5 ಗಂಟೆ ಅಂದ್ರೆ ಏನು, ಬಿಡ್ರಿ. ಬಾಣಂತಿಗೆ ಗಡಿಯಾರ ಇರಲ್ಲ. ಆದ್ರೆ ದಿನಾ ತಪ್ಪದೇ ನಡೆಯೋ ಕೆಲಸಗಳು ಇರ್ತಾವೆ: ಕೂಸಿಗೆ ಹಾಲು, ಕೂಸಿಗೆ ಎರಿಯೋದು, ಸಂಜೆ ಲೋಬಾನದ ಹೊಗೆ, ರಾತ್ರಿ ಊಟ. ಅಂಗಿ ತೂಗುಹಾಕೋಕೆ ಗೂಟ ಇದ್ದಂಗೆ ಇವು. ಹೊಸ ರೂಢಿಯನ್ನ ಇವುಗಳಿಗೇ ತೂಗುಹಾಕಬೇಕು.

ಮೊದಲನೇದು ನೀರು. "ಜಾಸ್ತಿ ನೀರ್ ಕುಡೀಬ್ಯಾಡ, ಹೊಟ್ಟಿ ಬರ್ತದ" ಅಂತ ನಮ್ಮ ಕಡೆ ಹಿರಿಯರು ಹೇಳ್ತಾರೆ. ನೀರಿನಿಂದ ಹೊಟ್ಟೆ ಬರಲ್ಲ. ರಾಯಚೂರಿನ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಬಿಸಿಲು, ಮೇಲೆ ಎದೆಹಾಲು ಕುಡಿಸೋದು, ದೇಹಕ್ಕೆ ನೀರು ಎಲ್ಲಿಂದ ಬರಬೇಕು? ವಾದ ಮಾಡೋಕೆ ಹೋಗಬ್ಯಾಡ್ರಿ. ಕಾಯಿಸಿ ಆರಿಸಿದ ನೀರಿನ ತಂಬಿಗಿಯನ್ನ ಹಾಲು ಕುಡಿಸೋ ಜಾಗದಲ್ಲೇ ಇಟ್ಕೊಳ್ರಿ, ಪ್ರತಿ ಸಲ ಒಂದು ಲೋಟ. ಹೊರಸಿನ ಪಕ್ಕದ ತಂಬಿಗಿ ಯಾರ ಕಣ್ಣಿಗೂ ಚುಚ್ಚಲ್ಲ. ನೀರು ನಿಮಗೆ ಮಾತ್ರ, ಕೂಸಿಗೆ ಅಲ್ಲ. ಎಂಥ ಬಿಸಿಲಿದ್ರೂ ಆರು ತಿಂಗಳ ತನಕ ಕೂಸಿಗೆ ಎದೆಹಾಲೊಂದೇ ಸಾಕು.

ಗುಳಿಗಿ ವಿಷಯ ಸ್ವಲ್ಪ ನಿಧಾನಕ್ಕೆ ಕೇಳ್ರಿ. ಕಬ್ಬಿಣದ್ದು, ಕ್ಯಾಲ್ಸಿಯಂದು ಎರಡನ್ನೂ ಒಟ್ಟಿಗೆ ನುಂಗಬಾರದು. ಕ್ಯಾಲ್ಸಿಯಂ ಇದ್ರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ. ಕ್ಯಾಲ್ಸಿಯಂ ಎರಡು ಹೊತ್ತಿನ ಊಟದ ಜೊತೆ. ಕಬ್ಬಿಣದ್ದು ಅದಾಗಿ ಎರಡು ತಾಸು ಬಿಟ್ಟು, ರಾತ್ರಿ ಮಲಗೋ ಮುಂಚೆ ಕೂಸಿಗೆ ಕುಡಿಸುವಾಗ. ಚಹಾನೂ ಒಂದು ತಾಸು ದೂರ ಇರಲಿ. ನಿಂಬೆನೀರು ಆದ್ರೆ ಒಳ್ಳೇದು. ಮಲ ಕಪ್ಪಾಗ್ತದೆ, ಹೆದರಬ್ಯಾಡ್ರಿ. ಪಟ್ಟಿಯನ್ನ ಟ್ರಂಕ್‌ನಲ್ಲಿ ಇಡಬ್ಯಾಡ್ರಿ, ಕೂಸಿನ ಕೈಗೆ ಸಿಗದಂಗೆ ಗೋಡೆ ಮೊಳೆಗೆ ಚೀಲ ಹಾಕಿ ಅದರಲ್ಲಿಡ್ರಿ. ನಮ್ಮ ಮನೆಯಲ್ಲಿ ಕೊನೆಗೆ ಆ ಕೆಲಸ ವಹಿಸಿಕೊಂಡಿದ್ದು ನಮ್ಮವ್ವ. ಲೋಬಾನ ಹಾಕುವಾಗಲೇ ಒಂದು ಗುಳಿಗಿ ಕಿತ್ತು ತಲೆದಿಂಬಿನ ಹತ್ರ ಇಡ್ತಿದ್ಲು. ಆಮೇಲೆ ನಾನು ಮರೆತಿಲ್ಲ.

ಇನ್ನು ಊಟ. ಹಾಲುಣಿಸೋ ಮೊದಲ ಆರು ತಿಂಗಳು ತಾಯಿಗೆ ದಿನಕ್ಕೆ 600 ಕ್ಯಾಲೊರಿಯಷ್ಟು ಹೆಚ್ಚು ಬೇಕು. ಈ ವಿಷಯದಲ್ಲಿ ಮಾನ್ವಿಗೆ ಒಂದು ಚರಿತ್ರೆನೇ ಅದ. 2017ರ ಅಕ್ಟೋಬರ್ 2ರಂದು ರಾಜ್ಯಕ್ಕೆಲ್ಲ ಬಂದ ಮಾತೃಪೂರ್ಣ ಯೋಜನೆಯನ್ನ ಅದಕ್ಕೂ ಮೊದಲು ಪ್ರಯೋಗ ಮಾಡಿ ನೋಡಿದ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಅನ್ನ, ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ, ಎಲ್ಲಾ ಅಂಗನವಾಡಿಯಲ್ಲೇ ಕೂತು ಉಣ್ಣಬೇಕು. ರೇಷನ್ ಮನೆಗೆ ಕೊಟ್ರೆ ಅದು ಎಲ್ಲರ ತಟ್ಟೆಗೆ ಹಂಚಿ ಹೋಗ್ತದೆ, ತಾಯಿಗೆ ಉಳಿಯೋದು ಚೂರು. ಆ ಲೆಕ್ಕ ಸರಿ. ಆದ್ರೆ ತಲೆಗೆ ಬಟ್ಟೆ ಕಟ್ಟಿ ಕತ್ತಲೆ ಕೋಣೆಯಲ್ಲಿ ಕೂತ ಬಾಣಂತಿ ಹೊಸ್ತಿಲು ದಾಟೋದು ಹ್ಯಾಂಗ? ನಡೆಯೋಕೆ ಆದ ಮೇಲೆ ಅತ್ತೆಯನ್ನೋ ಅವ್ವನನ್ನೋ ಜೊತೆಗೆ ಕರ್ಕೊಂಡು ಹೋಗ್ರಿ, ಅದೇ ನಿಮ್ಮ ದಿನದ ನಡಿಗೆನೂ ಆಗ್ತದೆ.

ನಮ್ಮ ಬಾಣಂತನದ ಅಡುಗೆ ಕೆಟ್ಟದ್ದಲ್ಲ. ಅಳವಿ ಪಾಯಸ, ಅಂಟಿನ ಉಂಡಿ, ಸಜ್ಜಿ ರೊಟ್ಟಿ, ಎಲ್ಲಾ ಬಲ ಕೊಡೋವೇ. ಕೊರತೆ ಇರೋದು ಪಥ್ಯದ ಹೆಸರಲ್ಲಿ ಬಿಟ್ಟ ಕಾಯಿಪಲ್ಲೆ, ಹಣ್ಣಿನಲ್ಲಿ. ಇನ್ನೊಂದು, ಎಲ್ಲರದ್ದೂ ಆದ ಮೇಲೆ ಉಣ್ಣೋ ಪದ್ಧತಿಯಲ್ಲಿ.

ದೇವದುರ್ಗದ ಕಡೆಯಿಂದ ಕೇಳೋರಿಗೆ ಒಂದು ಮಾತು. ಕೂಸನ್ನ ಕಟ್ಕೊಂಡು ಬೆಂಗಳೂರಿಗೆ ಗುಳೆ ಹೋಗೋರು ತಾಯಿ ಕಾರ್ಡ್, ಉಳಿದ ಗುಳಿಗಿ ಎರಡನ್ನೂ ಬುತ್ತಿ ಜೊತೆ ಕಟ್ಕೊಳ್ರಿ. ಹೋದಲ್ಲಿ ಹತ್ತಿರದ ಅಂಗನವಾಡಿ, ಆರೋಗ್ಯ ಕೇಂದ್ರದಲ್ಲಿ ಕಾರ್ಡ್ ತೋರಿಸಿ ಕೇಳ್ರಿ.

ಹಿರಿಯರ ಜೊತೆ ಹೊಂದ್ಕೊಂಡು ಹೋಗ್ರಿ ಅಂದೆ. ಒಂದು ವಿಷಯದಲ್ಲಿ ಮಾತ್ರ ಬ್ಯಾಡ: ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೊರಸಿನ ಕೆಳಗೆ ಕೆಂಡ. ಆ ವಿಷಗಾಳಿಗೆ ವಾಸನೆ ಇಲ್ಲ, ತಾಯಿ-ಕೂಸು ಇಬ್ಬರ ಜೀವಕ್ಕೂ ಅಪಾಯ.

ರಕ್ತಸ್ರಾವ ಹೆಚ್ಚಾದ್ರೆ, ಜ್ವರ ಬಂದ್ರೆ, ತಲೆನೋವು ಬಂದು ಕಣ್ಣು ಮಂಜಾದ್ರೆ ಕಾಯಬ್ಯಾಡ್ರಿ, 108ಕ್ಕೆ ಫೋನ್ ಮಾಡ್ರಿ. ಎರಡು ವಾರ ಕಳೆದ್ರೂ ಅಳು ನಿಲ್ಲದಿದ್ರೆ, ಕೂಸಿನ ಮೇಲೆ ಮನಸ್ಸೇ ಬರದಿದ್ರೆ, ಅದು ನಿಮ್ಮ ತಪ್ಪಲ್ಲ. ಟೆಲಿಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ. ಆಸ್ಪತ್ರೆ ಹೆರಿಗೆ ಆದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಬರ್ತಾರೆ. ಕೂಸಿನ ತೂಕ ನೋಡಿ ಎದ್ದು ಹೊರಟಾಗ, "ಅಕ್ಕಾ, ನನ್ನ ರಕ್ತ ಎಷ್ಟದ, ಯಾವಾಗ ನೋಡ್ತೀರಿ?" ಅಂತ ಕೇಳ್ರಿ.

ನೀರು ಬಂತಾ? ಕುಡೀರಿ ಮೊದಲು.