ಇಂದಿರಾನಗರ: ಸ್ವಂತ ಹಾಡಿಗೆ ಬುಧವಾರ

ಇಂದಿರಾನಗರ ಮೆಟ್ರೊ ನಿಲ್ದಾಣದಲ್ಲಿ ಇಳಿದು ನೂರಡಿ ರಸ್ತೆ ಹಿಡಿದರೆ, ಸಂಜೆ ಆರರ ಹೊತ್ತಿಗೆ ಬೆನ್ನಿಗೆ ಗಿಟಾರ್ ಚೀಲ ಏರಿಸಿಕೊಂಡ ಒಬ್ಬಿಬ್ಬರಾದರೂ ಕಣ್ಣಿಗೆ ಬೀಳುತ್ತಾರೆ. ಅಂಥವರ ಬೆನ್ನು ಹಿಡಿದೇ ಹೋದೆ. ಹನ್ನೆರಡನೇ ಮೇನ್ ಕಡೆಯ ಒಂದು ಕಟ್ಟಡ; ಕೆಳಗೆ ಬಟ್ಟೆ ಅಂಗಡಿ, ಮೇಲೆ ಪಬ್. ಮೂಲೆಯಲ್ಲಿ ಮೊಣಕಾಲೆತ್ತರದ ವೇದಿಕೆ. ಸೌಂಡ್ ಚೆಕ್ ನಡೆದಿತ್ತು. ಡ್ರಮ್ಮರ್ ಒಂದೇ ಏಟನ್ನು ಬಿಡದೆ ಬಾರಿಸುತ್ತಿದ್ದ, ಅಡುಗೆಮನೆಯಿಂದ ಈರುಳ್ಳಿ ಹುರಿದ ವಾಸನೆ ಬರುತ್ತಿತ್ತು.

ಬೆಂಗಳೂರಿಗೆ ‘ರಾಕ್ ರಾಜಧಾನಿ’ ಎಂಬ ಬಿರುದು ಹಳೆಯದು. ಅರಮನೆ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದು ಹೋದವು. ಊರಿನದೇ ಆದ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ಬ್ಯಾಂಡ್ ಹುಟ್ಟಿದ್ದು 1996ರಲ್ಲಿ. ಸ್ವಾತಂತ್ರ್ಯ ದಿನದ ಆಸುಪಾಸಿನ ಫ್ರೀಡಂ ಜ್ಯಾಮ್ ಸಂಗೀತೋತ್ಸವ ಶುರುವಾದದ್ದೂ ಅದೇ ವರ್ಷ. ಆಮೇಲೆ ಬಂದ ಸ್ವರಾತ್ಮ ಬ್ಯಾಂಡ್ ಕನ್ನಡವನ್ನೂ ವೇದಿಕೆ ಹತ್ತಿಸಿತು. ಇಂದಿರಾನಗರದ ಲೈವ್ ಸಂಗೀತ ತಾಣಗಳಲ್ಲಿ ದೊಡ್ಡ ಹೆಸರಾಗಿದ್ದ ಹಮ್ಮಿಂಗ್ ಟ್ರೀ 2013ರಲ್ಲಿ ತೆರೆದು 2019ರಲ್ಲಿ ಬಾಗಿಲು ಹಾಕಿತು.

ಇದೆಲ್ಲ ರಾಕ್ ಪ್ರಿಯರಿಗೆ ಗೊತ್ತಿರುವುದೇ. ಗೊತ್ತಿಲ್ಲದ್ದನ್ನು ಹೇಳಿದವರು ಮಿಕ್ಸರ್ ಹಿಂದೆ ನಿಂತಿದ್ದ ಸೌಂಡ್ ಎಂಜಿನಿಯರ್. ಶ್ರೀರಾಮಪುರದವರು, ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಗಳಿಗೆ ಮೈಕ್ ಕಟ್ಟಿ ಕೆಲಸ ಕಲಿತವರು. ಹುಡುಗರಿಗೆಲ್ಲ ‘ಅಣ್ಣ’. ‘ಅಣ್ಣಾ, ಮಾನಿಟರ್‌ನಲ್ಲಿ ನನ್ನ ವಾಯ್ಸ್ ಕೇಳ್ತಿಲ್ಲ’ ಎಂದು ಹಾಡುಗಾರ್ತಿ ಕೂಗಿದಳು. ಇವರು ಅವಳ ಮೈಕ್ ಏರಿಸಲಿಲ್ಲ. ವೇದಿಕೆಗೆ ಹೋಗಿ ಗಿಟಾರಿನ ಆಂಪ್ ತಗ್ಗಿಸಿ, ಅದರ ಮುಖವನ್ನು ಗಿಟಾರಿಸ್ಟನ ಕಿವಿಯತ್ತ ಓರೆಯಾಗಿ ತಿರುಗಿಸಿ ಬಂದರು. ಚಿಕ್ಕ ಜಾಗದಲ್ಲಿ ಏರಿಸುತ್ತಾ ಹೋದರೆ ಮೈಕ್ ಕುಯ್ಯೆನ್ನುತ್ತದೆ, ತಗ್ಗಿಸಿದರೆ ಎಲ್ಲರಿಗೂ ಕೇಳುತ್ತದೆ ಎಂಬುದು ಅವರ ಲೆಕ್ಕ. ಕೇಬಲ್ ಸುತ್ತುವುದರಲ್ಲೂ ಅಷ್ಟೇ ಹಟ: ಒಂದು ಸುತ್ತು ಮೇಲಿಂದ, ಮುಂದಿನದು ಒಳಗಿಂದ. ಮೊಣಕೈಗೆ ಸುತ್ತಿದರೆ ಒಳಗಿನ ತಾಮ್ರದ ಎಳೆ ತಿರುಚಿ ತುಂಡಾಗುತ್ತದಂತೆ. ಹಾಗೆ ಸುತ್ತುತ್ತಿದ್ದ ಹುಡುಗನಿಗೆ ನನ್ನೆದುರೇ ಬೈಗುಳ ಬಿತ್ತು.

‘ಆರ್ಕೆಸ್ಟ್ರಾದಲ್ಲಿ ಅಣ್ಣಾವ್ರ ಹಾಡು ಕೇಳ್ತಿದ್ರು, ಇಲ್ಲಿ ಇಂಗ್ಲಿಷಿನ ಹಳೇ ಹಿಟ್ಸ್ ಕೇಳ್ತಾರೆ ಸಾರ್. ಸ್ವಂತ ಹಾಡು ಅಂದ್ರೆ ಎರಡೂ ಕಡೆ ಜನ ಬಾತ್‌ರೂಮಿಗೆ ಎದ್ದು ಹೋಗ್ತಾರೆ’ ಎಂದರು. ನಕ್ಕೆ, ಆದರೆ ಇಲ್ಲಿನ ವಾರದ ಪಟ್ಟಿಯೂ ಅದನ್ನೇ ಹೇಳುತ್ತಿತ್ತು. ಶುಕ್ರವಾರ, ಶನಿವಾರ ಬೇರೆಯವರ ಹಾಡು ನುಡಿಸುವ ಕವರ್ ಬ್ಯಾಂಡಿಗೆ, ಡಿಜೆಗೆ. ಸ್ವಂತ ಹಾಡು ಕಟ್ಟುವವರಿಗೆ ಬುಧವಾರ. ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗಬೇಕಾದ ಊರಿನಲ್ಲಿ ಬುಧವಾರ ರಾತ್ರಿ ಹೊಸ ಹಾಡು ಕೇಳಲು ಎಷ್ಟು ಜನ ಬಂದಾರು?

ಇದರ ಮೇಲೆ ಪರವಾನಗಿಯ ತಲೆನೋವು. ಕ್ಯಾಬರೆ, ಡಿಸ್ಕೊ, ಲೈವ್ ಬ್ಯಾಂಡ್ ಮೂರನ್ನೂ ಒಂದೇ ಸಾಲಿಗೆ ಸೇರಿಸಿದ 2005ರ ಪರವಾನಗಿ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ವರ್ಷ ನಗರದ ಎಷ್ಟೋ ಪಬ್‌ಗಳು ಲೈವ್ ಸಂಗೀತ ನಿಲ್ಲಿಸಿದವು. ಸದ್ದಿನ ಬಗ್ಗೆ ಹಿಂದಿನ ಬೀದಿಯವರ ದೂರೂ ಸುಳ್ಳಲ್ಲ. ರಾತ್ರಿ ಹತ್ತರ ನಂತರ ವಸತಿ ಪ್ರದೇಶದ ಶಬ್ದಮಿತಿ 45 ಡೆಸಿಬಲ್, ಹತ್ತಿರ ನಿಂತರೆ ಡ್ರಮ್ಮಿನ ಒಂದೇ ಏಟು 100 ದಾಟುತ್ತದೆ. ಆದರೆ ಕ್ಯಾಬರೆಗೂ ನಾಲ್ಕು ಹುಡುಗರ ಗಿಟಾರಿಗೂ ಒಂದೇ ನಿಯಮ ಏಕೆಂದು ಮಾತ್ರ ನನಗೆ ಅರ್ಥವಾಗಲಿಲ್ಲ.

ಎಂಟಕ್ಕೆಂದಿದ್ದ ಕಾರ್ಯಕ್ರಮ ಒಂಬತ್ತಕ್ಕೆ ಶುರುವಾಯಿತು. ಮುಂದಿನ ಮೇಜುಗಳಲ್ಲಿದ್ದವರು ಹೆಚ್ಚಿನಂಶ ಬ್ಯಾಂಡಿನ ಗೆಳೆಯರೇ. ಕನ್ನಡದ್ದು ಒಂದೇ ಹಾಡು, ಅದನ್ನೂ ಇಂಗ್ಲಿಷಿನಲ್ಲಿ ಪರಿಚಯಿಸಿದರು! ಹಾಡು ಚೆನ್ನಾಗಿತ್ತು, ಮೊದಲೇ ಹಾಡಬಹುದಿತ್ತು. ಹೋಗುವವರಿಗೊಂದು ಮಾತು: ಆಲೂಗಡ್ಡೆ ಫ್ರೈಸ್ ಟಿಕೆಟ್ಟಿಗಿಂತ ದುಬಾರಿ, ಆ ದುಡ್ಡು ಬ್ಯಾಂಡಿಗೆ ಸೇರುವುದಿಲ್ಲ. ಬ್ಯಾಂಡಿನ ಟೀ ಶರ್ಟ್ ಮಾರುವ ಮೇಜು ಬಾಗಿಲ ಪಕ್ಕದಲ್ಲಿದೆ.