ದಡ್ಡ ಎನ್ನುವ ಮೊದಲು ಒಂದು ವಾರ ಗಮನಿಸಿ

ನಿಮ್ಮ ಮಗು ಒಂದನೇ ಅಥವಾ ಎರಡನೇ ತರಗತಿಯಲ್ಲಿ ಓದುತ್ತಿದೆಯೇ? ಪಕ್ಕದ ಮನೆಯ ಮಗು ಆಗಲೇ ಕಾಗುಣಿತ ಮುಗಿಸಿದೆ, ನಮ್ಮದು ಇನ್ನೂ ಅಕ್ಷರಗಳನ್ನು ತಿರುವುಮುರುವಾಗಿ ಬರೆಯುತ್ತಿದೆ ಎಂಬ ಚಿಂತೆ ನಿಮ್ಮನ್ನೂ ಕಾಡಿರಬಹುದು. ಆರು ವರ್ಷದ ಮಗು ಅಕ್ಷರ ತಿರುಗಿಸಿ ಬರೆಯುವುದು ಸಹಜ, ಅದಕ್ಕೆ ಗಾಬರಿ ಬೇಡ. ಆದರೆ ಈ ಚಿಂತೆಯೇ ಬೆಳೆದು ಕೆಲವು ಮನೆಗಳಲ್ಲಿ 'ಇವನು ಸ್ವಲ್ಪ ದಡ್ಡ' ಎಂಬ ತೀರ್ಮಾನವಾಗಿಬಿಡುತ್ತದೆ. ಈ ವಯಸ್ಸಿನಲ್ಲಿ ಅಂಟಿದ ಹೆಸರು ಅಷ್ಟು ಸುಲಭವಾಗಿ ಬಿಟ್ಟುಹೋಗುವುದಿಲ್ಲ. ಮಗುವೂ ಅದನ್ನು ನಂಬತೊಡಗುತ್ತದೆ.

ಕಲಿಕೆಯಲ್ಲಿ ಹಿಂದೆ ಬೀಳುವ ಮಗುವಿನ ತೊಂದರೆ ಅನೇಕ ಸಲ ಬುದ್ಧಿಯಲ್ಲಿ ಇರುವುದೇ ಇಲ್ಲ. ಅದು ಹೊಟ್ಟೆಯಲ್ಲೋ, ರಕ್ತದಲ್ಲೋ, ಕಣ್ಣಿನಲ್ಲೋ, ಕಿವಿಯಲ್ಲೋ ಇರುತ್ತದೆ. ಚಿಕ್ಕ ಮಕ್ಕಳು ಇದನ್ನು ಬಾಯಿಬಿಟ್ಟು ಹೇಳಲಾರರು. ಹುಟ್ಟಿದಂದಿನಿಂದ ಮಬ್ಬಾಗಿ ಕಂಡ ಮಗುವಿಗೆ ಎಲ್ಲರಿಗೂ ಹಾಗೆಯೇ ಕಾಣುತ್ತದೆ ಎಂದೇ ತಿಳಿವಳಿಕೆ. ಇಂತಹ ತೊಂದರೆಗಳು ಮೊದಲು ಬಯಲಾಗುವುದು ಮನೆಯಲ್ಲಲ್ಲ, ತರಗತಿಯಲ್ಲಿ. ಒಂದೇ ವಯಸ್ಸಿನ ಇಪ್ಪತ್ತು ಮೂವತ್ತು ಮಕ್ಕಳು ಒಟ್ಟಿಗೆ ಕೂತು, ಉಂಡು, ಆಡುವಾಗ ಬೇರೆಯಾಗಿ ನಿಲ್ಲುವ ಮಗು ಶಿಕ್ಷಕಿಯ ಕಣ್ಣಿಗೆ ಬೀಳುತ್ತದೆ.

ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿ ಇದಕ್ಕೆ ಒಳ್ಳೆಯ ಉದಾಹರಣೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಬೇರೆ ಬೇರೆ ತರಗತಿಯ ಚಿಕ್ಕ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ನೆಲದ ಮೇಲೆ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಪ್ರತಿ ಮಗು ತನ್ನದೇ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ಇಲ್ಲಿ ನಿಧಾನವಾಗಿ ಹತ್ತುವುದು ತಪ್ಪಲ್ಲ. ಆದರೆ ಸರಿಯಾಗಿ ಹತ್ತುತ್ತಿದ್ದ ಮಗು ವಾರಗಟ್ಟಲೆ ಒಂದೇ ಮೆಟ್ಟಿಲಲ್ಲಿ ನಿಂತರೆ, ಮೊದಲು ವಿಚಾರಿಸಬೇಕಾದದ್ದು ಅದರ ಆರೋಗ್ಯವನ್ನು. ನಿಮ್ಮ ಮಗು ಯಾವ ಶಾಲೆಯಲ್ಲಿದ್ದರೂ ಈ ಮಾತು ಒಂದೇ. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೊಂದು ವಿಷಯದಂತೆ ಏನನ್ನು ಗಮನಿಸಬೇಕು ಎಂಬುದನ್ನು ನೋಡೋಣ.

ಸೋಮವಾರ: ಹೊಟ್ಟೆನೋವು

ಭಾನುವಾರ ಚೆನ್ನಾಗಿಯೇ ಆಡಿಕೊಂಡಿದ್ದ ಮಗು ಸೋಮವಾರ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಕೂರುತ್ತದೆ. 'ಶಾಲೆ ತಪ್ಪಿಸುವ ನಾಟಕ' ಎಂದು ಗದರಿಸಬೇಡಿ. ಭಯ, ಆತಂಕಗಳಿಂದ ಬರುವ ಹೊಟ್ಟೆನೋವು ನಿಜವಾದ ನೋವೇ. ಯಾರಾದರೂ ಕಾಡಿಸುತ್ತಾರೆಯೇ, ಯಾವುದಕ್ಕೆ ಹೆದರಿಕೆ ಎಂದು ಸಮಾಧಾನದಿಂದ ಕೇಳಿ.

ಇನ್ನೊಂದು ಸಾಮಾನ್ಯ ಕಾರಣ ಮಲಬದ್ಧತೆ. ಶಾಲೆಯ ಶೌಚಾಲಯ ಕೊಳಕಾಗಿದ್ದರೆ, ಬಾಗಿಲಿಗೆ ಚಿಲಕವಿಲ್ಲದಿದ್ದರೆ ಮಕ್ಕಳು ದಿನವಿಡೀ ತಡೆದುಕೊಳ್ಳುತ್ತಾರೆ. ಮೂತ್ರಕ್ಕೆ ಹೋಗಬೇಕಾದೀತೆಂದು ನೀರನ್ನೇ ಕುಡಿಯುವುದಿಲ್ಲ. ಹೆಣ್ಣುಮಕ್ಕಳಲ್ಲಿ ಇದು ಮೂತ್ರನಾಳದ ಸೋಂಕಿಗೂ ದಾರಿ. ಮಕ್ಕಳಿಗೆ ನೀರು ಕುಡಿಯಲು ನೆನಪಿಸುವ 'ವಾಟರ್ ಬೆಲ್' 2019ರಲ್ಲಿ ಕೇರಳದ ಶಾಲೆಗಳಲ್ಲಿ ಬಾರಿಸತೊಡಗಿದಾಗ ಎಲ್ಲರೂ ಮೆಚ್ಚಿದರು. ಆದರೆ ನೀರಿನ ಗಂಟೆಯ ಜೊತೆಗೆ ಶುಚಿಯಾದ ಶೌಚಾಲಯವೂ ಬೇಕು. ಸಂಜೆ ಮಗು ತರುವ ನೀರಿನ ಬಾಟಲಿ ತುಂಬಿದಂತೆಯೇ ಇದ್ದರೆ ಕಾರಣ ವಿಚಾರಿಸಿ.

ನೋವು ಮಗುವನ್ನು ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಪದೇ ಪದೇ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ತಡ ಮಾಡದೆ ವೈದ್ಯರಿಗೆ ತೋರಿಸಿ.

ಮಂಗಳವಾರ: ಬಳಪ ತಿನ್ನುವ ಮಗು

ತರಗತಿಯಲ್ಲಿ ಒಬ್ಬರಾದರೂ ಬಳಪ, ಸುಣ್ಣ, ಮಣ್ಣು ತಿನ್ನುವವರು ಇರುತ್ತಾರೆ. ಇದು ಬರೀ ಕೆಟ್ಟ ಚಟವಲ್ಲ, ಹಲವು ಸಲ ಕಬ್ಬಿಣಾಂಶದ ಕೊರತೆಯ ಲಕ್ಷಣ. ರಕ್ತಹೀನತೆ ಇರುವ ಮಗು ಬೇಗ ಸುಸ್ತಾಗುತ್ತದೆ, ಪಾಠದಲ್ಲಿ ಗಮನ ನಿಲ್ಲುವುದಿಲ್ಲ, ಸಿಡುಕುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೆ ರಕ್ತಹೀನತೆ ಇತ್ತು. ಈ ಮಕ್ಕಳೇ ಮುಂದೆ ಒಂದನೇ ತರಗತಿಗೆ ಬರುವವರು.

ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಸರ್ಕಾರದ ಕಾರ್ಯಕ್ರಮದಲ್ಲಿ ವಾರಕ್ಕೊಂದು ಗುಲಾಬಿ ಬಣ್ಣದ ಮಾತ್ರೆ ಕೊಡುತ್ತಾರೆ. ಅದರಲ್ಲಿ 45 ಮಿಲಿಗ್ರಾಂ ಕಬ್ಬಿಣ ಮತ್ತು 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಊಟದ ನಂತರ ನುಂಗಿದರೆ ಹೊಟ್ಟೆ ತೊಳಸುವುದಿಲ್ಲ. ಮಲ ಕಪ್ಪಾದರೆ ಹೆದರಬೇಕಿಲ್ಲ. ಜಂತುಹುಳು ರಕ್ತಹೀನತೆಯ ಜೊತೆಗಾರ. 2015ರಿಂದ ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಗಳಲ್ಲಿ ಅಲ್ಬೆಂಡಜೋಲ್ ಮಾತ್ರೆ ಕೊಡಲಾಗುತ್ತಿದೆ. ಅಂದು ಮಗುವನ್ನು ಶಾಲೆ ತಪ್ಪಿಸಬೇಡಿ. ಜ್ವರವಿದ್ದರೆ ಅಥವಾ ಬೇರೆ ಔಷಧಿ ನಡೆಯುತ್ತಿದ್ದರೆ ಮೊದಲೇ ತಿಳಿಸಿ.

ಊಟದ ವಿಷಯಕ್ಕೆ ಬಂದರೆ, 2002ರಲ್ಲಿ ಆರಂಭವಾದ ಅಕ್ಷರ ದಾಸೋಹ, 2013ರ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು, ಈಚಿನ ವರ್ಷಗಳಲ್ಲಿ ಸೇರಿದ ಮೊಟ್ಟೆ ಅಥವಾ ಬಾಳೆಹಣ್ಣು ಇವೆಲ್ಲ ಮಕ್ಕಳ ಪಾಲಿಗೆ ದೊಡ್ಡ ಆಸರೆ. ಹಾಗೆಂದು ಬೆಳಗಿನ ತಿಂಡಿ ತಪ್ಪಿಸಬಾರದು. ಖಾಲಿ ಹೊಟ್ಟೆಯ ಮಗುವಿಗೆ ಮಧ್ಯಾಹ್ನದ ಗಂಟೆಯವರೆಗೆ ಪಾಠಕ್ಕಿಂತ ಅಡುಗೆಕೋಣೆಯ ಒಗ್ಗರಣೆಯೇ ಹೆಚ್ಚು ಕೇಳಿಸುತ್ತದೆ. ರಾಗಿ ಅಂಬಲಿ, ಮೊಳಕೆ ಕಾಳಿನ ಉಸುಳಿ, ನುಗ್ಗೆಸೊಪ್ಪು ಯಾವುದಾದರೂ ಆದೀತು. ಊಟದ ಜೊತೆಗೆ ಚಹಾ, ಕಾಫಿ ಮಾತ್ರ ಬೇಡ, ಅವು ಕಬ್ಬಿಣಾಂಶ ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಪಲ್ಯದ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಒಳ್ಳೆಯದು.

ಬುಧವಾರ: ಕರಿಹಲಗೆ ಮತ್ತು ಕಿವಿ

ಹಲಗೆಯ ಮೇಲಿದ್ದುದನ್ನು ಬಿಟ್ಟು ಪಕ್ಕದವರ ಸ್ಲೇಟು ನೋಡಿ ಬರೆಯುವ ಮಗುವಿಗೆ 'ಕಾಪಿ ಹೊಡೆಯುತ್ತಾನೆ' ಎಂಬ ಆರೋಪ ಬರುತ್ತದೆ. ಅವನಿಗೆ ಹಲಗೆ ಕಾಣುವುದೇ ಇಲ್ಲ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಕಣ್ಣು ಕಿರಿದು ಮಾಡಿ ನೋಡುವುದು, ತಲೆ ವಾಲಿಸುವುದು, ಟಿ.ವಿ.ಗೆ ಮೂಗು ತಾಗಿಸಿ ಕೂರುವುದು, ಸಂಜೆ ತಲೆನೋವು ಇವನ್ನು ಗಮನಿಸಿ.

ಒಂದೇ ಕಣ್ಣಿನ ದೋಷವಿದ್ದರೆ ಇನ್ನೊಂದು ಕಣ್ಣು ಕೆಲಸ ಸಾಗಿಸಿಬಿಡುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಮಿದುಳು ಆ ಕಣ್ಣನ್ನು ಬಳಸುವುದನ್ನೇ ಬಿಡುತ್ತದೆ. ಇದೇ 'ಸೋಮಾರಿ ಕಣ್ಣು'. ಏಳೆಂಟು ವರ್ಷದೊಳಗೆ ಚಿಕಿತ್ಸೆ ಶುರುವಾದರೆ ಫಲ ಹೆಚ್ಚು, ತಡವಾದಷ್ಟೂ ಕಷ್ಟ. ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ. ಒಂದು ಕಣ್ಣು ಮುಚ್ಚಿಸಿ, ಎದುರು ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ಓದಿಸಿ. ನಂತರ ಇನ್ನೊಂದು ಕಣ್ಣು. ವ್ಯತ್ಯಾಸ ಕಂಡರೆ ನೇತ್ರತಜ್ಞರಲ್ಲಿಗೆ ಹೋಗಿ. ಹೆಣ್ಣುಮಗಳಿಗೆ ಕನ್ನಡಕ ಬಂದರೆ ಮದುವೆಗೆ ತೊಂದರೆ ಎಂಬ ಹಳೆಯ ಮಾತಿಗೆ ಕಿವಿಗೊಡಬೇಡಿ.

ಕಿವಿಯದೂ ಇದೇ ಕಥೆ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ಅಂಟಿನಂತಹ ದ್ರವ ತುಂಬಿಕೊಳ್ಳಬಹುದು. ನೋವಿರುವುದಿಲ್ಲ, ಕೇಳಿಸುವುದು ಮಾತ್ರ ಮಂದವಾಗುತ್ತದೆ. 'ಕರೆದರೆ ತಿರುಗುವುದಿಲ್ಲ, ಹಟಮಾರಿ' ಎನ್ನುವ ಮುಂಚೆ ಕಿವಿ ಪರೀಕ್ಷಿಸಿ. ಕಿವಿಗೆ ಬಿಸಿ ಎಣ್ಣೆ ಬಿಡುವುದು, ಕಡ್ಡಿ ಹಾಕುವುದು ಖಂಡಿತ ಬೇಡ.

ಗುರುವಾರ: ಕ್ಷಣಕಾಲ ಮರೆಯಾಗುವ ಮಗು

ಪಾಠ ಕೇಳುತ್ತಿರುವ ಮಗು ಇದ್ದಕ್ಕಿದ್ದಂತೆ ಹತ್ತು ಸೆಕೆಂಡು ಶೂನ್ಯದತ್ತ ದಿಟ್ಟಿಸುತ್ತದೆ. ಕರೆದರೂ, ಮುಟ್ಟಿದರೂ ಓಗೊಡುವುದಿಲ್ಲ. ಮರುಕ್ಷಣ ಏನೂ ಆಗದಂತೆ ಬರೆಯತೊಡಗುತ್ತದೆ. ದಿನಕ್ಕೆ ಹಲವು ಸಲ ಹೀಗಾಗುತ್ತಿದ್ದರೆ ಅದು ಹಗಲುಗನಸಲ್ಲ, ಮೂರ್ಛೆರೋಗದ ಒಂದು ಬಗೆ ಇರಬಹುದು. ಬೀಳುವುದಿಲ್ಲ, ನೊರೆ ಬರುವುದಿಲ್ಲ, ಆದ್ದರಿಂದ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುತ್ತದೆ. ಮಗುವಿಗೆ ಪಾಠ ತುಂಡು ತುಂಡಾಗಿ ಮಾತ್ರ ತಲುಪುತ್ತದೆ. ಇ.ಇ.ಜಿ. ಪರೀಕ್ಷೆಯಿಂದ ಇದನ್ನು ಗುರುತಿಸಬಹುದು. ಮಾತ್ರೆಯಿಂದ ಹೆಚ್ಚಿನ ಮಕ್ಕಳಲ್ಲಿ ಹತೋಟಿಗೆ ಬರುತ್ತದೆ. ಮಂತ್ರ, ತಾಯಿತ ಎಂದು ಕಾಲ ಕಳೆಯಬೇಡಿ.

ಎಲ್ಲ ಮಂಕೂ ಮೂರ್ಛೆಯಲ್ಲ, ನಿಜ. ತೂಕಡಿಸುವ ಮಗುವಿಗೆ ನಿದ್ದೆ ಸಾಲದಿರುವುದೇ ಹೆಚ್ಚು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ದೊಡ್ಡವರ ಧಾರಾವಾಹಿ ಮುಗಿದು, ಮೊಬೈಲ್ ಆರುವವರೆಗೆ ಎಚ್ಚರವಿರುವ ಮಗು ಬೆಳಿಗ್ಗೆ ಆರಕ್ಕೆ ಎದ್ದರೆ ಲೆಕ್ಕ ಎಲ್ಲಿ ಸರಿಹೋದೀತು? ಬಾಯಿ ತೆರೆದು ಜೋರಾಗಿ ಗೊರಕೆ ಹೊಡೆಯುವ ಮಗುವಿಗೆ ಮೂಗಿನ ಹಿಂದಿನ ಗ್ರಂಥಿ ಊದಿರಬಹುದು, ಅದನ್ನೂ ತೋರಿಸಿ.

ಶುಕ್ರವಾರ: ಒಬ್ಬರಿಂದ ಎಲ್ಲರಿಗೆ

ತಲೆಗೆ ತಲೆ ತಾಗಿಸಿ ಕೂರುವ ಮಕ್ಕಳ ನಡುವೆ ಹೇನು ದಾಟುವುದು ಅನಿವಾರ್ಯ. ಅದು ಕೊಳಕಿನ ಗುರುತಲ್ಲ. ಆ ಮಗುವನ್ನು ಬೇರೆ ಕೂರಿಸಿ ಅವಮಾನಿಸಬಾರದು. ಸಣ್ಣ ಹಲ್ಲಿನ ಬಾಚಣಿಗೆಯಿಂದ ಒದ್ದೆ ಕೂದಲು ಬಾಚಿ. ಔಷಧಿ ಹಚ್ಚಿದರೆ ವಾರ ಹತ್ತು ದಿನದಲ್ಲಿ ಮತ್ತೊಮ್ಮೆ ಹಚ್ಚಬೇಕು, ಏಕೆಂದರೆ ಸೀರುಗಳು ಅಷ್ಟರಲ್ಲಿ ಒಡೆದಿರುತ್ತವೆ. ಬೆರಳ ಸಂದಿಯಲ್ಲಿ ಕಜ್ಜಿಯಾಗಿ ರಾತ್ರಿ ತುರಿಕೆ ಹೆಚ್ಚಿದ್ದರೆ ಮನೆಮಂದಿಯೆಲ್ಲ ಒಂದೇ ದಿನ ಮುಲಾಮು ಹಚ್ಚಿಕೊಳ್ಳಬೇಕು. ಒಬ್ಬರಿಗೆ ಮಾತ್ರ ಹಚ್ಚಿದರೆ ಅದು ಮರಳಿ ಬರುತ್ತದೆ.

ಜ್ವರವಿದ್ದ ಮಗುವಿಗೆ ಬೆಳಿಗ್ಗೆ ಪ್ಯಾರಾಸಿಟಮಾಲ್ ಕೊಟ್ಟು ಶಾಲೆಗೆ ಕಳಿಸುವುದು ಉಳಿದ ಮಕ್ಕಳಿಗೂ ಮಾಡುವ ಅನ್ಯಾಯ. ಸೀತಾಳೆ ಸಿಡುಬಾದರೆ ಎಲ್ಲ ಗುಳ್ಳೆಗಳೂ ಒಣಗಿ ಹೊಪ್ಪಳೆ ಕಟ್ಟುವವರೆಗೆ, ಮಂಗನಬಾವು ಬಂದರೆ ಬಾವು ಕಂಡ ಮೇಲೆ ಐದು ದಿನ ಮನೆಯಲ್ಲಿರಲಿ. ಐದರಿಂದ ಆರು ವರ್ಷದ ನಡುವೆ ಹಾಕಿಸಬೇಕಾದ ಡಿ.ಪಿ.ಟಿ. ಎರಡನೇ ಬೂಸ್ಟರ್ ಅನ್ನು ಅನೇಕ ಪಾಲಕರು ಮರೆಯುತ್ತಾರೆ. ನಿಮ್ಮ ಮಗುವಿನ ಕಾರ್ಡು ತೆಗೆದು ನೋಡಿ. ಊಟಕ್ಕೆ ಮುಂಚೆ, ಶೌಚದ ನಂತರ ಸೋಪಿನಿಂದ ಕೈತೊಳೆಯುವ ಅಭ್ಯಾಸ ಮನೆಯಲ್ಲೂ ಇದ್ದರೆ ಮಾತ್ರ ಶಾಲೆಯಲ್ಲಿ ನಿಲ್ಲುತ್ತದೆ.

ಶನಿವಾರ: ಕವಾಯತು ಮತ್ತು ಚೀಲ

ಬೆಳಗಿನ ಕವಾಯತಿನಲ್ಲಿ ಉಳಿದವರಿಗಿಂತ ಮೊದಲೇ ಕುಸಿದು ಕೂರುವ ಮಗುವನ್ನು 'ಸೋಮಾರಿ' ಎನ್ನಬೇಡಿ. ಓಡಿದ ಮೇಲೆ ಕೆಮ್ಮು ಬಂದರೆ ಉಬ್ಬಸವಿರಬಹುದು. ತುಟಿ, ಉಗುರು ನೀಲಿಯಾದರೆ ಹೃದಯದ ದೋಷವಿರಬಹುದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವರ್ಷಕ್ಕೊಮ್ಮೆ ತಪಾಸಣೆ ಇದೆ, ಮುಂದಿನ ಚಿಕಿತ್ಸೆಯೂ ಉಚಿತ. ಆದರೆ ತಪಾಸಣೆಯಲ್ಲಿ ಬರೆದುಕೊಟ್ಟ ಚೀಟಿ ಮನೆಯ ಡಬ್ಬಿಯಲ್ಲೇ ಉಳಿದರೆ ಏನು ಪ್ರಯೋಜನ? ಖಾಸಗಿ ಶಾಲೆಗೆ ಹೋಗುವ ಮಗುವಾದರೆ ವರ್ಷಕ್ಕೊಮ್ಮೆ ನೀವೇ ತಪಾಸಣೆ ಮಾಡಿಸಿ.

ಚೀಲವನ್ನೂ ಒಮ್ಮೆ ತೂಗಿ. ಒಂದು ಮತ್ತು ಎರಡನೇ ತರಗತಿಯವರ ಚೀಲ ಒಂದೂವರೆಯಿಂದ ಎರಡು ಕಿಲೋ ಮೀರಬಾರದೆಂದು ರಾಜ್ಯದ ಶಿಕ್ಷಣ ಇಲಾಖೆ 2019ರಲ್ಲೇ ಆದೇಶಿಸಿದೆ. ಎರಡನೇ ತರಗತಿಯವರೆಗೆ ಮನೆಪಾಠ ಬೇಡವೆಂದು 2020ರ ರಾಷ್ಟ್ರೀಯ ಶಾಲಾ ಚೀಲ ನೀತಿಯೂ ಹೇಳುತ್ತದೆ. ಉಳಿದ ಸಮಯದಲ್ಲಿ ದಿನಕ್ಕೊಂದು ಗಂಟೆಯಾದರೂ ಮಗು ಬಯಲಲ್ಲಿ ಆಡಲಿ.

ಶನಿವಾರ ಶಾಲೆ ಅರ್ಧ ದಿನ. ಮಗುವನ್ನು ಕರೆತರಲು ಹೋದಾಗ ಶಿಕ್ಷಕಿಯೊಡನೆ ಐದು ನಿಮಿಷ ಮಾತಾಡಿ. ಅಂಕಗಳ ಮಾತು ಬೇಡ. ಈ ಕೆಳಗಿನವನ್ನು ಕೇಳಿ:

* ಊಟ ಪೂರ್ತಿ ಮಾಡುತ್ತದೆಯೇ? ಮಾತ್ರೆ ನುಂಗುತ್ತದೆಯೇ?
* ಹಿಂದೆ ಕೂತರೂ ಹಲಗೆ ನೋಡಿ ಬರೆಯುತ್ತದೆಯೇ?
* ಮೆಲ್ಲಗೆ ಕರೆದರೆ ತಿರುಗುತ್ತದೆಯೇ?
* ಪಾಠದ ನಡುವೆ ಮಂಕಾಗುತ್ತದೆಯೇ, ತೂಕಡಿಸುತ್ತದೆಯೇ?
* ಶೌಚಾಲಯಕ್ಕೆ ಹೋಗುತ್ತದೆಯೇ?
* ಆಟದಲ್ಲಿ ಜೊತೆಗಾರರಿದ್ದಾರೆಯೇ?

ಇವೆಲ್ಲ ಸರಿಯಿದ್ದೂ ಮಗು ಎಂಟು ವರ್ಷ ದಾಟುವ ಹೊತ್ತಿಗೆ ಓದು ಬರಹದಲ್ಲಿ ತೀರಾ ತಡವರಿಸುತ್ತಿದ್ದರೆ ಕಲಿಕಾ ನ್ಯೂನತೆ ಇರಬಹುದು. ಅದೂ ದಡ್ಡತನವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಅದನ್ನು ಪರೀಕ್ಷಿಸಿ, ಕಲಿಸುವ ಬೇರೆ ದಾರಿ ಸೂಚಿಸುತ್ತಾರೆ. ಕನ್ನಡಕ, ಕಬ್ಬಿಣದ ಮಾತ್ರೆ, ಕಿವಿಯ ಚಿಕಿತ್ಸೆ, ಎರಡು ಗಂಟೆ ಹೆಚ್ಚು ನಿದ್ದೆ ಇಂತಹ ಸಣ್ಣ ಸಂಗತಿಗಳಿಂದ ಏಣಿಯ ಮುಂದಿನ ಮೆಟ್ಟಿಲು ಹತ್ತಬಲ್ಲ ಮಕ್ಕಳು ನಮ್ಮ ತರಗತಿಗಳಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ನಿಮ್ಮ ಮಗುವೂ ಒಂದಿರಬಹುದು.